ಹೊನ್ನಿ ಇಳಿಸಿಕೊಂಡ ಹೆಂಟೆ

ಜಾವಗಲ್ ದಾಟಿ ಹಳೇಬೀಡಿನ ಕಡೆ ಹೋಗುತ್ತಿದ್ದ ನಮ್ಮ ಬಸ್ಸಿಗೆ ಎದುರಿನಿಂದ ಟ್ರ್ಯಾಕ್ಟರ್ ಬಂತು. ರಸ್ತೆ ಕಿರಿದು. ಟ್ರ್ಯಾಕ್ಟರಿನವನು ಬಯ್ದುಕೊಳ್ಳುತ್ತ ಪಕ್ಕದ ರಾಗಿ ಹೊಲಕ್ಕೆ ಗಾಲಿ ಇಳಿಸಿದ. ತೆನೆ ಬಿಟ್ಟ ಪೈರು ಅದರ ಕೆಳಗೆ ಮಲಗಿತು. ಹಸಿ ರಾಗಿ ಜಜ್ಜಿದ ವಾಸನೆ, ಅದರ ಜೊತೆ ಡೀಸೆಲ್ ಹೊಗೆ. ಅದು ಕಿಟಕಿಯಿಂದ ಒಳಗೆ ಬಂದದ್ದೇ ನಾನು ಮುಂದಿನ ಸೀಟಿನ ಕಂಬಿ ಹಿಡಿದು ತಲೆ ತಗ್ಗಿಸಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ವಾಂತಿ ಬತ್ತೈತಾ? ಆ ಕಡೆ ತಿರುಗ್ಕಳಿ, ನನ್ ಸೀರೆ ಮೇಲೆ ಮಾಡ್ಬುಟ್ಟೀರ" ಅಂದಳು. ಇಲ್ಲಮ್ಮ ಅಂದೆ. ವಾಂತಿಯಾಗಿದ್ದರೆ ಎಷ್ಟೋ ವಾಸಿಯಿತ್ತು.

ನಾನು ಹೋಗುತ್ತಿದ್ದದ್ದು ಬಸ್ತಿಹಳ್ಳಿಗೆ, ನನ್ನ ತಂಗಿ ಹೊನ್ನಮ್ಮನ ಮನೆಗೆ. ಅವಳ ಮುಖ ನೋಡಿ ಏಳೆಂಟು ವರ್ಷವಾಗಿತ್ತು. ಅರಸೀಕೆರೆಯ ಕಾರ್ಖಾನೆ ಮುಚ್ಚಿಹೋಯಿತೆಂದು ಹೇಳುವುದು ನೆಪ. ಹೇಳಬೇಕಾದ ಮಾತು ಬೇರೆಯಿತ್ತು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಚೆನ್ನಾಗಿ ಬರೆಯಲು ಬರುವುದಿಲ್ಲ. ಆ ಒಂದು ಹಿಂಗಾರಿನಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಮ್ಮ ಹಟ್ಟಿ ಅರಸೀಕೆರೆಯ ಹೊರಗೆ ರೈಲು ಹಳಿಯ ಕಡೆಗಿತ್ತು. ಮನೆಗಳು ಮುಗಿದ ಮೇಲೆ ಗೋಮಾಳ. ಹಟ್ಟಿಯ ದನ, ಎಮ್ಮೆ, ಕುರಿ ಎಲ್ಲ ಅಲ್ಲೇ ಮೇಯುತ್ತಿದ್ದವು. ಗೋಮಾಳ ಮುಗಿದ ಮೇಲೆ ನಮ್ಮಪ್ಪನ ಹೊಲದ ಒಂದು ಪಟ್ಟಿ, ಅದರಾಚೆ ಹಳಿ. ಆ ಪಟ್ಟಿಯನ್ನು ಅಪ್ಪ ಹೊನ್ನಿಯ ಮದುವೆಯಲ್ಲಿ ಅರಿಶಿಣ-ಕುಂಕುಮಕ್ಕೆ ಎಂದು ಅವಳ ಮಡಿಲಿಗೆ ಒಂದು ಹಿಡಿ ಮಣ್ಣು ಹಾಕಿ ಕೊಟ್ಟಿದ್ದ. ಕಾಗದ ಪತ್ರ ಇರಲಿಲ್ಲ. ಅವಳನ್ನು ಬಸ್ತಿಹಳ್ಳಿಗೆ ಕೊಟ್ಟಿದ್ದೆವು. ಗಂಡ ಅಲ್ಲಿಯ ಜೈನರ ಗದ್ದೆಯಲ್ಲಿ ಕೆಲಸಕ್ಕಿದ್ದ. ಮಕ್ಕಳಾಗುವ ಮೊದಲೇ ಹಾವು ಕಚ್ಚಿ ಸತ್ತ. ಹೊನ್ನಿ ವಾಪಸು ಬಂದು ತನ್ನ ಹೊಲದ ಮೂಲೆಯಲ್ಲಿ ಗುಡಿಸಲು ಹಾಕಿಕೊಂಡಳು. ನನ್ನ ಹೆಂಡತಿ ಮನೆಗೆ ಕರೆದರೆ, "ನಿಮ್ಮನೇಲಿ ಉಂಡ್ರೆ ನಿಮ್ ಮಾತು ಕೇಳ್ಬೇಕಾಯ್ತದೆ ಅತ್ತಿಗೆ. ಹೊಲ ಆದ್ರೆ ನನ್ ಮಾತು ಕೇಳ್ತದೆ" ಎಂದು ನಗುತ್ತಿದ್ದಳು.

ನಾನು ಊರಿನ ತೆಂಗಿನ ಮಂಡಿಯಲ್ಲಿ ಕಾಯಿ ಸುಲಿಯುತ್ತಿದ್ದೆ. ನೆಲಕ್ಕೆ ನೆಟ್ಟ ಚೂಪು ಸಲಾಕೆಗೆ ಕಾಯಿ ಕುಕ್ಕಿ, ತಿರುಚಿ, ಮಟ್ಟೆ ಎಬ್ಬಿಸುವ ಕೆಲಸ. ಸಂಜೆಯ ಹೊತ್ತಿಗೆ ಅಂಗೈ ಬಿರಿದಿರುತ್ತಿತ್ತು. ಸಾರಿನ ಖಾರ ತಾಗಿದರೆ ಕಣ್ಣಲ್ಲಿ ನೀರು. ಪಕ್ಕದ ಸಲಾಕೆಯಲ್ಲಿ ಕೆಂಚ ಸುಲಿಯುತ್ತಿದ್ದ. ಅವನೂ ನಮ್ಮ ಹಟ್ಟಿಯವನೇ, ನನ್ನ ವಾರಿಗೆಯವನು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮಂಡಿಗೆ ಒಂದು ಕಾರು ಬಂತು. ಇಳಿದವನು ಕಬ್ಬಿಣದ ಸರಳು ಎಳೆಯುವ ಕಾರ್ಖಾನೆಯ ಮಾಲೀಕ. ಊರಿಗೆ ಕಾರ್ಖಾನೆ ತರಬೇಕೆಂದು ದೊಡ್ಡ ಮನುಷ್ಯರು ಕೆಲವರು ಸೇರಿ ಒಂದು ಸಮಿತಿ ಮಾಡಿಕೊಂಡಿದ್ದರು. ನಮ್ಮ ಮಂಡಿ ಸಾಹುಕಾರರು ಅದರ ಮುಂದಾಳು. ನಾನು ಎಳನೀರು ಕೆತ್ತಿ ಕೊಡುತ್ತ ಅಲ್ಲೇ ನಿಂತಿದ್ದೆ.

"ತಿಪಟೂರಿನವರು ಜಾಗ ಬಿಟ್ಟಿ ಕೊಡ್ತಾರಂತೆ. ನೀವು?" ಅಂದ ಮಾಲೀಕ.

"ನಾವೂ ಬಿಟ್ಟೀನೇ. ಮೇಲೆ ಕೆರೆ ನೀರು" ಅಂದರು ಸಾಹುಕಾರರು.

"ರಸ್ತೆ?"

"ಹಾಕಿಸ್ಕೊಡ್ತೀವಿ."

"ಕಂದಾಯ?"

"ಐದು ವರ್ಷ ಯಾರೂ ಕೇಳದಂಗೆ ಮಾಡಿಸ್ಕೊಡೋದು ನಮ್ ಜವಾಬ್ದಾರಿ."

ಮಾಲೀಕ ಎಳನೀರು ಮುಗಿಸಿ ಬುರುಡೆ ನನ್ನ ಕೈಗೆ ಕೊಟ್ಟ. "ಹಳಿಯಿಂದ ಒಂದು ಕವಲು ನಮ್ಮ ಗೇಟಿನ ಒಳಗೆ ಬರಬೇಕು. ಅದಿಲ್ಲದಿದ್ರೆ ನನಗೆ ನಿಮ್ಮೂರೇ ಬೇಡ."

ಮಂಡಿಯ ಹರಾಜಿನಲ್ಲಿ ಕೊಳ್ಳುವವರು ಕೂಗಿ ಕೂಗಿ ಏರಿಸುವುದನ್ನು ದಿನಾ ಕೇಳುತ್ತಿದ್ದೆ. ಕೊಡುವವರೇ ಕೂಗಿ ಕೂಗಿ ಇಳಿಯುವುದನ್ನು ನಾನು ಕಂಡದ್ದು ಅವತ್ತು ಮಾತ್ರ. ಅವರು ಇಳಿಸುತ್ತಿದ್ದದ್ದು ನಮ್ಮ ಗೋಮಾಳದ ಬೆಲೆ. ಗೋಮಾಳಕ್ಕೂ ಹಳಿಗೂ ನಡುವೆ ಹೊನ್ನಿಯ ಪಟ್ಟಿಯೊಂದೇ ಅಡ್ಡವಿತ್ತು. ಅದು ಸಾಹುಕಾರರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕಾರು ಹೋದ ಮೇಲೆ ಸಾಹುಕಾರರು ಹಟ್ಟಿಯ ಗಂಡಸರನ್ನೆಲ್ಲ ಕರೆಸಿದರು. "ಮನೆಗೊಂದು ಕೆಲಸ ಕಣ್ರಪ್ಪ. ಪರ್ಮನೆಂಟು. ಆದ್ರೆ ಗೋಮಾಳ ಖಾಲಿ ಆಗ್ಬೇಕು. ತಕರಾರು ಅಂತ ಒಂದು ಸೊಲ್ಲು ಎದ್ರೂ ಆಯಪ್ಪ ಗಾಡಿ ತಿರುಗಿಸ್ಕೊಂಡು ತಿಪಟೂರಿಗೆ ಹೋಯ್ತಾನೆ." ಯಾರನ್ನಾದರೂ ಹೊಡೆಯಿರಿ ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ.

ಸ್ವಾತಿ ಮಳೆ ಬಿಡದೆ ಸುರಿಯುತ್ತಿತ್ತು. ದನ ಇದ್ದವರು ಗೋಮಾಳ ಬಿಡಲ್ಲ ಅಂದರು. ದನ ಇಲ್ಲದವರು ಕೆಲಸ ಬಿಡಲ್ಲ ಅಂದರು. ಅಲ್ಲಿಯವರೆಗೆ ಒಬ್ಬರ ಮನೆಯ ಕೆಂಡ ಇನ್ನೊಬ್ಬರು ಕೇಳಿ ತಂದು ಒಲೆ ಹಚ್ಚುತ್ತಿದ್ದ ಹಟ್ಟಿ ಅದು. ಒಂದು ಬೆಳಿಗ್ಗೆ ಮೇಯಲು ಬಿಟ್ಟಿದ್ದ ಎಮ್ಮೆಯ ಹಿಂಗಾಲಿನ ನರ ಯಾರೋ ಕಡಿದಿದ್ದರು. ಅದು ಮುಂಗಾಲಿನಲ್ಲೇ ತೆವಳಿಕೊಂಡು ಹಟ್ಟಿಗೆ ಬಂದು, ತನ್ನ ಕೊಟ್ಟಿಗೆಯ ಬಾಗಿಲಲ್ಲಿ ಕೂತು ಅರಚಿತು. ಮಾರನೆಯ ದಿನ ದನದವರು ಕೆಂಚನ ತಮ್ಮನನ್ನು ಬಾವಿಕಟ್ಟೆಗೆ ಕೆಡವಿ ಹಲ್ಲು ಉದುರಿಸಿದರು. ಅದಕ್ಕೆ ಉತ್ತರವಾಗಿ ಎರಡು ಬಣವೆಗೆ ಬೆಂಕಿ ಬಿತ್ತು. ಮಳೆಯಲ್ಲಿ ಒದ್ದೆಯಾದ ಹುಲ್ಲು ಉರಿಯಲೂ ಇಲ್ಲ, ಆರಲೂ ಇಲ್ಲ. ಹಟ್ಟಿಯ ತುಂಬ ಹೊಗೆ ಮಲಗಿತ್ತು. ಆ ಹೊಗೆಯಲ್ಲಿ ನಾವು ದೊಣ್ಣೆ ಹಿಡಿದು ಓಡಾಡುತ್ತಿದ್ದೆವು. ನಾನೂ ಹಿಡಿದಿದ್ದೆ. ಯಾರಿಗೆ ಬಿತ್ತು, ಎಷ್ಟು ಬಿತ್ತು ನೋಡಲಿಲ್ಲ. ದೀಪಾವಳಿಯ ಹೊತ್ತಿಗೆ ದನದವರು ಸೋತರು. ಕೆಲವರು ದನ ಮಾರಿದರು, ಕೆಲವರು ಹಟ್ಟಿಯನ್ನೇ ಬಿಟ್ಟರು.

ಉಳಿದವಳು ಹೊನ್ನಿ. ಒಂದು ಬೆಳಿಗ್ಗೆ ನೋಡಿದರೆ ಅವಳ ಹೊಲದ ಬಾಂದುಕಲ್ಲು ಇರಲಿಲ್ಲ. ಗೋಮಾಳ ಹಳಿಯವರೆಗೂ ಇದೆ, ಈ ಹೆಂಗಸು ಒತ್ತುವರಿ ಮಾಡಿಕೊಂಡಿದ್ದಾಳೆ ಎಂದು ಸಮಿತಿಯವರು ಸುದ್ದಿ ಹಬ್ಬಿಸಿದರು. ಅವಳು ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು ನೇರ ಮಂಡಿಗೆ ಬಂದಳು. ಅಲ್ಲಿ ಲೆಕ್ಕ ಬರೆಯುತ್ತಿದ್ದ ಗುಮಾಸ್ತರು ಒಳ್ಳೆಯ ಮನುಷ್ಯ. ಅವಳನ್ನು ಪಕ್ಕಕ್ಕೆ ಕರೆದು, "ಕಚೇರೀಲಿ ತಕರಾರು ಬರಕೊಡಮ್ಮ. ಅಳತೆಯವರು ಸರಪಳಿ ಹಾಕಿ ಅಳೀತಾರೆ. ನಿಂದಾಗಿದ್ರೆ ನಿಂಗೇ ಉಳೀತದೆ" ಅಂದರು.

ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಸರಪಳಿ ಯಾಕೆ ಸ್ವಾಮಿ? ಅದು ಕಬ್ಬಿಣ, ಎಳೆದೋರ ಕಡೆ ಬತ್ತದೆ. ನಮ್ಮಣ್ಣ ಅವ್ನಲ್ಲ, ಹೆಂಟೆ ಹೊತ್ತು ನಡೀಲಿ. ಅವ್ನು ನಡೆದದ್ದೇ ನನ್ ಗಡಿ. ಅದ್ರ ಮೇಲೆ ನಾನೂ ಮಾತಾಡಲ್ಲ, ನೀವೂ ಮಾತಾಡಂಗಿಲ್ಲ."

ಸಾಹುಕಾರರು ಕೂತಲ್ಲಿಂದ ಎದ್ದು ಕೈ ಮುಗಿದರು. "ಅಣ್ಣತಂಗೀರ ಮಾತು. ಇದಕ್ಕಿಂತ ದೊಡ್ಡ ಕೋರ್ಟು ಯಾವುದೈತೆ?"

ನಮ್ಮ ಕಡೆ ಗಡಿ ಜಗಳಕ್ಕೆ ಹಳಬರು ಕಂಡುಕೊಂಡಿದ್ದ ದಾರಿ ಅದು. ನಡೆಯುವವನು ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಬಟ್ಟೆಯಲ್ಲಿ, ಜಗಳದ ಹೊಲದ್ದೇ ಒಂದು ಹಸಿ ಮಣ್ಣಿನ ಹೆಂಟೆಯನ್ನು ನೆತ್ತಿಯ ಮೇಲಿಟ್ಟುಕೊಂಡು ಬರಿಗಾಲಲ್ಲಿ ಗಡಿಯ ಮೇಲೆ ನಡೆಯಬೇಕು. ಸುಳ್ಳು ನಡೆದರೆ ಅವನ ಮನೆಯ ದೀಪ ಉಳಿಯುವುದಿಲ್ಲ. ಹಟ್ಟಿಯ ಯಜಮಾನ ಈರಜ್ಜ ಹಿಂದಿನ ಸಂಜೆ ನನಗೆ ಎಲ್ಲ ಹೇಳಿಕೊಟ್ಟ. "ಹೊತ್ತೋನ್ನ ಯಾರೂ ಮಾತಾಡಿಸಂಗಿಲ್ಲ. ನಡೆದಾದ್ಮೇಲೆ ನೀನೇ ಹೋಗಿ ಕೆರೆಗೆ ಬಿಡ್ಬೇಕು. ಇನ್ಯಾರ್ ಕೈಗೂ ಕೊಡ್ಬ್ಯಾಡ ಕಣ್ಲಾ ಮಲ್ಲ. ಹೆಂಟೆ ಯಾರ್ ಕೈಲಿ ಇಳೀತದೋ ಅದ್ರ ಪಾಪಪುಣ್ಯ ಅವ್ರದ್ದು."

ಅವತ್ತೇ ಮಧ್ಯಾಹ್ನ ಮಂಡಿಯಲ್ಲಿ ಕೆಂಚ ನನ್ನನ್ನು ಕತ್ತು ಹಿಡಿದು ಸಲಾಕೆಯ ಮೇಲೆ ಬಗ್ಗಿಸಿದ್ದ. ಅದರ ಮೊನೆ ಹೊಟ್ಟೆಗೆ ತಾಗಿ ಅಂಗಿ ಹರಿಯಿತು. "ಏನ್ಲಾ, ಎಲ್ಲಿ ನಡೀತೀಯ ನಾಳೆ? ನಮ್ ಇಪ್ಪತ್ತು ಮನೆ ಅನ್ನ ನಿನ್ ಪಾದದಾಗೈತೆ. ತಿಪಟೂರಿಗೆ ಹೋತು ಅಂದ್ರೆ ಕಾಯಿ ಸುಲಿದಂಗೆ ಸುಲೀತೀನಿ." ಬಿಡಿಸಿದವರು ಸಾಹುಕಾರರು. ಒಳಗೆ ಕರೆದು, ನನ್ನ ಅಂಗೈಯನ್ನು ತಮ್ಮ ಕೈಯಲ್ಲಿ ಹಿಡಿದು ನೋಡಿ, "ಗೇಟಿನ ಕೆಲಸ ನಿಂಗೆ ಅಂತ ಇಟ್ಟಿದೀನಿ ಮಲ್ಲಪ್ಪ. ಕಾಕಿ ಅಂಗಿ, ಬೂಟು. ಈ ಕೈಗೆ ಇನ್ನು ಮಟ್ಟೆ ತಾಗೋದು ಬ್ಯಾಡ" ಅಂದರು.

ಸಲಾಕೆಗೆ ಹೆದರಿ ಮಾಡಿದೆ ಎಂದು ಬರೆದರೆ ನನಗೆ ಸುಲಭ. ಅದು ಸುಳ್ಳಾಗುತ್ತದೆ. ನನಗೆ ಆ ಕಾಕಿ ಅಂಗಿ ಬೇಕಿತ್ತು.

ಬೆಳಿಗ್ಗೆ ಮಂಜು ಬಿದ್ದಿತ್ತು. ಹೊನ್ನಿಯ ರಾಗಿ ಹಾಲುಗಟ್ಟಿ ತೆನೆ ಬಾಗಿತ್ತು. ಈರಜ್ಜ ಎರಡು ಕೊಡ ನೀರು ಸುರಿದ. ಹೊನ್ನಿಯೇ ತನ್ನ ಹೊಲದಿಂದ ಒಂದು ಕೆಂಪು ಹೆಂಟೆ ಕಿತ್ತು ನನ್ನ ತಲೆಯ ಮೇಲಿಟ್ಟಳು. ಇಡುವಾಗ ನಕ್ಕಳು. ಚಿಕ್ಕವರಿದ್ದಾಗ ಹುಲ್ಲುಹೊರೆ ಎತ್ತಿಕೊಡುವಾಗ ನಗುತ್ತಿದ್ದ ಹಾಗೆ. ಒಂದು ಪಕ್ಕ ಕೆಂಚನ ಕಡೆಯವರು, ಇನ್ನೊಂದು ಪಕ್ಕ ಸಾಹುಕಾರರು, ಸಮಿತಿಯ ಇಬ್ಬರು. ನಾನು ಹೊರಟೆ. ಗೋಮಾಳದ ಅಂಚಿನಲ್ಲಿ ಒಂದು ಲಕ್ಕಿ ಗಿಡವಿತ್ತು. ಗಡಿ ಆ ಗಿಡದ ಹತ್ತಿರ ಎಡಕ್ಕೆ ತಿರುಗಿ ಗೋಮಾಳದ ಅಂಚು ಹಿಡಿದು ಹೋಗಬೇಕು. ನಾನೂ ಹೊನ್ನಿಯೂ ಅಲ್ಲಿ ಅಪ್ಪನ ಜೊತೆ ಕಳೆ ಕಿತ್ತು ಬೆಳೆದವರು, ಕಣ್ಣು ಕಟ್ಟಿ ಬಿಟ್ಟರೂ ಕಾಲು ತಿರುಗುತ್ತಿತ್ತು. ನಾನು ತಿರುಗಲಿಲ್ಲ. ರಾಗಿಯ ಸಾಲು ಸೀಳಿಕೊಂಡು ನೇರ ಹಳಿಯ ಕಡೆ ನಡೆದೆ. ಹೆಂಟೆಯ ಕೆಂಪು ನೀರು ಹುಬ್ಬಿನ ಮೇಲಿಂದ ಕಣ್ಣಿಗೆ ಇಳಿಯಿತು. ತೆನೆಗಳು ತೊಡೆಗೆ ಬಡಿಯುತ್ತಿದ್ದವು. ಹಿಂದೆ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. ಹಳಿಯ ಜಲ್ಲಿಕಲ್ಲು ಕಾಲಿಗೆ ತಾಗಿದಾಗ ನಿಂತೆ. ಗಡಿ ಹಳಿಗೇ ಬಂದು ನಿಂತಿತ್ತು, ಹೊನ್ನಿಯ ಹೊಲ ಪೂರ್ತಿ ಗೋಮಾಳದ ಕಡೆಗೆ ಹೋಗಿತ್ತು.

ಆಗ ನೆನಪಾದದ್ದು ಮನೆಯಲ್ಲಿ ಮಲಗಿದ್ದ ನನ್ನ ಎರಡು ಮಕ್ಕಳು. ಕೆರೆಗೆ ಬಿಡುವಾಗ ದೇವರ ಹತ್ತಿರ ಏನು ಕೇಳಲಿ, ಯಾವ ಬಾಯಲ್ಲಿ ಕೇಳಲಿ ಎಂದುಕೊಂಡೆ. ಹೊನ್ನಿ ರಾಗಿಯ ನಡುವಿನಿಂದ ಬಂದು ಎದುರಿಗೆ ನಿಂತಳು. ಮುಖದಲ್ಲಿ ನಗು ಇರಲಿಲ್ಲ, ಕೋಪವೂ ಇರಲಿಲ್ಲ. ಎರಡು ಕೈ ಎತ್ತಿ ನನ್ನ ತಲೆಯ ಮೇಲಿನ ಹೆಂಟೆಯನ್ನು ಇಳಿಸಿಕೊಂಡು ಸೆರಗು ಹಿಡಿದು ಮಡಿಲಿಗೆ ಹಾಕಿಕೊಂಡಳು. ದೂರದಲ್ಲಿದ್ದವರು ಅವಳು ಒಪ್ಪಿದಳು ಎಂದು ಚಪ್ಪಾಳೆ ತಟ್ಟಿದರು. ಈರಜ್ಜ ಮಾತ್ರ, "ಬ್ಯಾಡ ಕಣವ್ವ" ಎಂದು ಕೂಗಿ ಓಡಿ ಬಂದ. ಅಷ್ಟರಲ್ಲಿ ಆಗಿಹೋಗಿತ್ತು.

ಈರಜ್ಜ ಹೇಳಿದ್ದು ನನಗೆ ಮರೆತಿರಲಿಲ್ಲ. ಬಿಡು ಹೊನ್ನಿ, ಇದು ನನ್ನದು ಎಂದು ಅವಳ ಕೈ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ನನ್ನ ಕುತ್ತಿಗೆ ಹಗುರವಾಯಿತು. ಸಂತೋಷವಾಯಿತು ಎಂದೇ ಬರೆಯಬೇಕು.

ಗಡಿಗೆ ತಕರಾರಿಲ್ಲ ಎಂದಾಯಿತು. ರಾಗಿ ಕೊಯ್ಯುವವರೆಗೆ ಬಿಡಿ ಎಂದು ಹೊನ್ನಿ ಕೇಳಿದಳು. ಅದೊಂದೇ ಅವಳು ಕೇಳಿದ್ದು. ಸಾಹುಕಾರರು ಆಗಲಿ ಅಂದರು. ಆದರೆ ಮಾಲೀಕ ನೋಡಲು ಬರುವ ದಿನ ಮುಂದಕ್ಕೆ ಬಂತು, ನೆಲ ಮಟ್ಟಸವಾಗಿ ಕಾಣಬೇಕಿತ್ತು. ಒಂದು ಬೆಳಿಗ್ಗೆ ಟ್ರ್ಯಾಕ್ಟರ್ ಹೊಲಕ್ಕೆ ಇಳಿಯಿತು. ಮುಂದೆ ಕೆಂಚ, ಹಿಂದೆ ದೊಣ್ಣೆ ಹಿಡಿದು ನಾವು. ಹಾಲುತೆನೆ ಗಾಲಿಗೆ ಸಿಕ್ಕಿ ಜಜ್ಜಿ ಬಿಳಿ ರಸ ಚಿಮ್ಮುತ್ತಿತ್ತು. ಆ ವಾಸನೆಯೇ ಬಸ್ಸಿನಲ್ಲಿ ನನ್ನ ಮೂಗಿಗೆ ಬಂದದ್ದು.

ಹೊನ್ನಿ ಗುಡಿಸಲಿಂದ ಕುಡುಗೋಲು ಹಿಡಿದು ಓಡಿ ಬಂದಳು. "ಗಡಿ ಬಿಟ್ಟೆ ಕಣ್ರೋ! ಅನ್ನ ಬಿಡ್ತೀನಿ ಅಂದಿರ್ಲಿಲ್ಲ!" ಕೆಂಚ ಅವಳ ಜುಟ್ಟು ಹಿಡಿದು ಎಳೆದು ಒದ್ದ. ಬಿದ್ದವಳು ಎದ್ದು ಒಂದೇ ಬೀಸಿಗೆ ಅವನ ಭುಜ ಸೀಳಿದಳು. ಬಿಳಿ ಮೂಳೆ ಕಂಡಿತು, ಆಮೇಲೆ ರಕ್ತ ತುಂಬಿತು. ಅವಳು ಮತ್ತೆ ಕೈ ಎತ್ತಿದಳು. ನಾನು ದೊಣ್ಣೆ ಬೀಸಿದೆ. ಅವಳ ಬಲ ಮಣಿಕಟ್ಟು ಒಣ ಮಟ್ಟೆ ಮುರಿದ ಹಾಗೆ ಲಟಕ್ಕೆಂದಿತು.

ಕುಡುಗೋಲು ಬೀಳಿಸಲು ಹೊಡೆದೆ, ಇಲ್ಲದಿದ್ದರೆ ಕೊಲೆಯಾಗುತ್ತಿತ್ತು ಎಂದು ಪೊಲೀಸರ ಮುಂದೆ ಹೇಳಿದೆ. ಒಂದೇ ಏಟಾಗಿದ್ದರೆ ಆ ಮಾತು ನಿಜವಾಗುತ್ತಿತ್ತು. ಕುಡುಗೋಲು ಬಿದ್ದ ಮೇಲೂ ಹೊಡೆದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನೋಡಬಾರದೆಂದು ಹೊಡೆದೆ. ಪಕ್ಕದವರು ನನ್ನನ್ನು ಎಳೆದು ಬಿಡಿಸಿದರು. ಎಳೆದವರಲ್ಲಿ ಟ್ರ್ಯಾಕ್ಟರಿನವನೂ ಇದ್ದ, "ಅಯ್ಯೋ, ಒಡಹುಟ್ಟಿದೋಳಲ್ವೇನಯ್ಯ!" ಎಂದು ಅವನು ಕೂಗುತ್ತಿದ್ದ.

ಕೆಂಚನನ್ನು ಆಸ್ಪತ್ರೆಗೆ ಒಯ್ದರು. ಅವಳನ್ನು ಠಾಣೆಗೆ ಒಯ್ದರು. ಮುರಿದ ಕೈಗೆ ಯಾರೂ ಕಟ್ಟು ಹಾಕಿಸಲಿಲ್ಲ, ಅದು ಹೇಗಿತ್ತೋ ಹಾಗೇ ಕೂಡಿಕೊಂಡಿತು. ಬಿಟ್ಟ ಮೇಲೆ ನಮ್ಮ ಮನೆಗಳ ಕಡೆ ಬರದೆ ಬಸ್ತಿಹಳ್ಳಿಗೆ ಹೋದಳಂತೆ. ಗಂಡ ಕೆಲಸಕ್ಕಿದ್ದ ಜೈನರ ಮನೆಯವರು ಬಸದಿಯ ಹತ್ತಿರ ಒಂದು ಕೋಣೆ ಕೊಟ್ಟರು, ಅಂಗಳ ಗುಡಿಸುವ ಕೆಲಸವನ್ನೂ ಕೊಟ್ಟರು.

ನನಗೆ ಕಾಕಿ ಅಂಗಿ ಬಂತು. ಇಪ್ಪತ್ತು ಮನೆಯಲ್ಲಿ ಕೆಲಸ ಸಿಕ್ಕಿದ್ದು ಏಳಕ್ಕೆ. ಉಳಿದವರು ಗೇಟಿಗೆ ಬಂದು ಕಲ್ಲು ಎಸೆದರು. ಗೇಟಿನಲ್ಲಿ ನಿಂತು ಅವರನ್ನು ಹೊಡೆದು ಓಡಿಸುವುದೇ ನನ್ನ ಕೆಲಸವಾಯಿತು. ಭುಜ ಸೀಳಿಸಿಕೊಂಡಿದ್ದ ಕೆಂಚ ಒಂದೇ ಕೈಯಲ್ಲಿ ಒಲೆಯ ಹತ್ತಿರ ದುಡಿಯುತ್ತಿದ್ದ. ಒಂದು ದಿನ ಕೆಂಡದಂಥ ಸರಳು ಅಚ್ಚಿನಿಂದ ಹಾರಿ ಹಾವಿನ ಹಾಗೆ ಸುತ್ತಿ ಅವನ ತೊಡೆ ಹೊಕ್ಕಿತು. ನಾನೇ ಗೇಟು ತೆಗೆದೆ. ಗಾಡಿಯಲ್ಲಿ ನನ್ನನ್ನು ನೋಡಿ, "ಮಲ್ಲ, ನಿನ್ ಹೆಂಟೆ ನಂಗ್ ಬಿತ್ತು ಕಣ್ಲಾ" ಅಂದ. ಆಸ್ಪತ್ರೆ ತಲುಪುವ ಮೊದಲೇ ಸತ್ತ.

ಐದು ವರ್ಷದ ಮಾಫಿ ಮುಗಿಯಿತು. ಕಂದಾಯ ಕಟ್ಟಿ ಎಂದು ಕಾಗದಗಳು ಬರತೊಡಗಿದವು. ಒಂದಷ್ಟು ಕಾಲ ಜಗ್ಗಾಡಿದ ಮಾಲೀಕ, ಒಂದು ದಿನ ಅದೇ ಹಳಿಯ ಕವಲಿನ ಮೇಲೆ ಗೂಡ್ಸ್ ಗಾಡಿ ತರಿಸಿ ಯಂತ್ರಗಳನ್ನೆಲ್ಲ ಹೇರಿಸಿದ. ಇನ್ಯಾವುದೋ ಊರಿನವರು ಜಾಗ ಬಿಟ್ಟಿ ಕೊಟ್ಟಿದ್ದರಂತೆ. ಗೋಮಾಳದಲ್ಲಿ ಸುಣ್ಣದ ಗೆರೆ ಎಳೆದು ಮನೆ ಸೈಟು ಮಾಡುತ್ತಿದ್ದಾರೆ ಎಂದು ನೋಡಿ ಬಂದ ದಿನವೇ ನಾನು ಬಸ್ಸು ಹತ್ತಿದ್ದು.

ಬಸದಿಯ ಗೋಡೆಯ ಆಚೆ ಅವಳ ಕೋಣೆ. ಹೊನ್ನಿ ಒಲೆಯ ಮುಂದೆ ಕೂತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಬಲಗೈ ಮಣಿಕಟ್ಟಿನಿಂದ ಹೊರಕ್ಕೆ ತಿರುಗಿಕೊಂಡಿತ್ತು. ನನ್ನನ್ನು ನೋಡಿ ಏಳಲಿಲ್ಲ. "ಬಾಗಿಲಾಗೇ ನಿಂತ್ರೆ ಹೊಗೆ ಹೆಂಗ್ ಹೋಯ್ತದೆ? ಒಳಗ್ ಬಾ" ಅಂದಳು.

"ಕಾರ್ಖಾನೆ ಮುಚ್ಚೋಯ್ತು ಹೊನ್ನಿ. ಬೇರೆ ಊರಾಗೆ ಬಿಟ್ಟಿ ಜಾಗ ಸಿಕ್ತಂತೆ."

"ಬಿಟ್ಟಿ ಎಲ್ಲಿಂದ ಬತ್ತದೆ? ಅಲ್ಲೂ ಯಾವಳದ್ದೋ ಹೊಲ ಇರ್ತದೆ."

ಆಮೇಲೆ ನಾನು ಹೇಳಿದೆ. "ಅವತ್ತು ನಾನು ಸುಳ್ಳು ನಡೆದೆ."

"ಹ್ಞೂಂ. ಲಕ್ಕಿ ಗಿಡದ ತಾವ ಗೊತ್ತಾಯ್ತು. ಉತ್ತೋಳು ನಾನಲ್ವಾ?"

"ಕೂಗ್ಬೇಕಿತ್ತು ನೀನು."

"ಹೆಂಟೆ ಹೊತ್ತೋನ್ನ ಮಾತಾಡಿಸ್ಬಾರ್ದು."

"ಮತ್ತೆ ಯಾಕೆ ಇಳಿಸ್ಕೊಂಡೆ?"

ಅವಳು ಊದುಗೊಳವೆ ಬಾಯಿಗಿಟ್ಟು ಊದಿದಳು. ಉರಿ ಎದ್ದ ಮೇಲೆ ಹೇಳಿದಳು. "ನಿನ್ ಮನೇಲಿ ಮಕ್ಕಳಿದ್ವು. ನಂಗೇನಿತ್ತು?"

ನನಗೆ ಅಳು ಬರಲಿಲ್ಲ. ಅವಳ ಮುಂದೆ ಅಳುವ ಹಕ್ಕೂ ನನಗಿರಲಿಲ್ಲ. "ಎಲ್ಲೈತೆ ಆ ಹೆಂಟೆ? ಕೊಡು ಹೊನ್ನಿ. ಕೆರೆ ಇಲ್ಲೇ ಐತಲ್ಲ, ಈಗ್ಲೇ ಬಿಟ್ ಬತ್ತೀನಿ. ಅದು ನಂದು."

ಅವಳು ಗದ್ದದಿಂದ ಒಲೆ ತೋರಿಸಿದಳು. ಮಸಿ ಹಿಡಿದ ಒಲೆಯ ಒಂದು ಪಕ್ಕದಲ್ಲಿ, ಬೇರೆ ಮಣ್ಣಿನ ನಡುವೆ, ಅಂಗೈ ಅಗಲದ ಕೆಂಪು ತೇಪೆ. "ಠಾಣೆಯಿಂದ ಬಿಟ್ಟ ದಿನ ಗುಡಿಸ್ಲಿಗೆ ಹೋಗಿ ತಗಂಡ್ ಬಂದೆ. ಒಲೆಗೆ ಮೆತ್ತಿದೀನಿ. ಬೆಂದು ಇಟ್ಟಿಗೆ ಆಗೈತೆ. ಈಗ ಎಲ್ಲಿಂದ ಬಿಡಿಸ್ತೀಯ?"

ಎಸರು ಕುದಿಯಿತು. ಅವಳು ಎಡಗೈಯಲ್ಲಿ ರಾಗಿ ಹಿಟ್ಟು ಸುರಿದು, ಮುದ್ದೆ ತಿರುವುವ ಕೋಲನ್ನು ನನ್ನ ಕಡೆ ಚಾಚಿದಳು. "ಪಕ್ಕದ್ಮನೆ ಹೆಂಗಸು ಬಂದು ತಿರುವ್ಕೊಡ್ತಾಳೆ ದಿನಾ. ಇವತ್ತು ನೀನಿದ್ದೀಯಲ್ಲ."

ಕೋಲನ್ನು ನೋಡಿ ಕೈ ಮುಂದೆ ಬರಲಿಲ್ಲ. ಅವಳು ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಕೊನೆಗೆ ತೆಗೆದುಕೊಂಡೆ. ಮಡಕೆಯನ್ನು ಒಲೆಯ ಪಕ್ಕಕ್ಕೆ ಇಳಿಸಿ, ಬಟ್ಟೆ ಸುತ್ತಿ ಕಾಲಲ್ಲಿ ಒತ್ತಿ ಹಿಡಿದು ಎರಡೂ ಕೈಯಲ್ಲಿ ತಿರುವತೊಡಗಿದೆ. ಕೆಂಪು ತೇಪೆಯ ಕಾವು ಮೊಣಕಾಲಿಗೆ ತಾಗುತ್ತಿತ್ತು. ಹಿಟ್ಟು ಗಟ್ಟಿಯಾಗುತ್ತ ಬಂದು ತೋಳು ಸೋತಿತು. ಹೊನ್ನಿ ಎರಡು ತಟ್ಟೆ ತಂದು ನೆಲಕ್ಕಿಟ್ಟಳು, ಮಡಕೆಯೊಳಗೆ ಬಗ್ಗಿ ನೋಡಿದಳು.

"ಇನ್ನೂ ಗಂಟು ಐತೆ" ಅಂದಳು. "ನಿಲ್ಲಿಸ್ಬ್ಯಾಡ."